ಊರನ್ನೇ ಕೇಳಿ ನೋಡಿ: ಗಝಾಲಿ, ಇಬ್ನ್ ರುಶ್ದ್ ಮತ್ತು ಓದುವ ನಿಯಮ

ಕುರ್‌ಆನಿನ 12ನೇ ಅಧ್ಯಾಯದಲ್ಲಿ ಪ್ರವಾದಿ ಯೂಸುಫರ ಕಥೆ ಇದೆ. ಅಣ್ಣಂದಿರು ಧಾನ್ಯ ತರಲು ಈಜಿಪ್ಟಿಗೆ ಹೋಗುತ್ತಾರೆ. ಕಿರಿಯ ತಮ್ಮ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಅವನನ್ನು ಬಿಟ್ಟೇ ಊರಿಗೆ ಮರಳಬೇಕಾಗುತ್ತದೆ. ಅಪ್ಪ ನಂಬುವುದು ಕಷ್ಟ, ಯಾಕೆಂದರೆ ಇದೇ ಮಕ್ಕಳು ಹಿಂದೊಮ್ಮೆ ಅವರಿಗೆ ದೊಡ್ಡ ಸುಳ್ಳು ಹೇಳಿದ್ದರು. ಹಾಗಾಗಿ ಹಿರಿಯಣ್ಣ ಉಳಿದವರಿಗೆ ಹೇಳಿಕೊಡುತ್ತಾನೆ: ನಾವಿದ್ದ ಊರನ್ನೇ ಕೇಳಿ ನೋಡಿ ಅಂತ ಅಪ್ಪನಿಗೆ ಹೇಳಿ.

ಊರನ್ನು ಕೇಳುವುದು ಹೇಗೆ? ಗೋಡೆ, ಬಾವಿ, ಬೀದಿ ಬಾಯಿ ಬಿಡುತ್ತವಾ? ಈ ಪ್ರಶ್ನೆ ಯಾರಿಗೂ ಬರುವುದಿಲ್ಲ. ನಾವೂ ಹೀಗೇ ಮಾತಾಡುತ್ತೇವೆ, ಅಲ್ವಾ? ಜಾತ್ರೆಗೆ ಊರಿಗೆ ಊರೇ ಬಂದಿತ್ತು ಅಂದರೆ ಮನೆಗಳು ಎದ್ದು ನಡೆದು ಬಂದವು ಅಂತ ಯಾರೂ ತಿಳಿಯುವುದಿಲ್ಲ. ಅರಬ್ಬಿ ಪಂಡಿತರು ಇಂಥ ಬಳಕೆಗೆ ಮಜಾಝ್ ಅಂದರು. ಪದದ ನೇರ ಅರ್ಥಕ್ಕೆ ಹಕೀಕತ್ ಅಂದರು. ನಮ್ಮ ಕನ್ನಡದ ಹಕೀಕತ್ತು ಅದೇ ಪದ, ಸುತ್ತಿ ಬಳಸಿ ನಮ್ಮಲ್ಲಿಗೆ ಬಂದಿದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೊಗಸಾಗಿದೆ. ರಮಝಾನಿನಲ್ಲಿ ಉಪವಾಸ ಯಾವಾಗ ಶುರು? ಬೆಳಗಿನ ಬಿಳಿ ದಾರ ಕಪ್ಪು ದಾರದಿಂದ ಬೇರೆಯಾಗಿ ಕಾಣುವವರೆಗೆ ತಿನ್ನಿ, ಕುಡಿಯಿರಿ ಅನ್ನುತ್ತದೆ ಕುರ್‌ಆನ್. ಪ್ರವಾದಿ ಮುಹಮ್ಮದರ ಸಂಗಡಿಗರಲ್ಲಿ ಅದೀ ಇಬ್ನ್ ಹಾತಿಮ್ ಅಂತ ಒಬ್ಬರು. ಅವರು ನಿಜವಾಗಿ ಒಂದು ಬಿಳಿ ದಾರ, ಒಂದು ಕಪ್ಪು ದಾರ ತಂದು ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ರಾತ್ರಿಯೆಲ್ಲ ನೋಡಿದರೂ ವ್ಯತ್ಯಾಸ ತಿಳಿಯಲಿಲ್ಲ. ಬೆಳಿಗ್ಗೆ ಹೋಗಿ ಕೇಳಿದಾಗ ಪ್ರವಾದಿಗಳು ವಿವರಿಸಿದರು: ಅದು ರಾತ್ರಿಯ ಕತ್ತಲು ಮತ್ತು ಹಗಲಿನ ಬೆಳಕು. ಈ ಹದೀಸ್, ಅಂದರೆ ಪ್ರವಾದಿಗಳ ಮಾತು ನಡೆಗಳ ಬಗ್ಗೆ ಉಳಿದು ಬಂದ ಈ ವರದಿ, ಓದಿದಾಗಲೆಲ್ಲ ನನಗೆ ಅದೀ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಮನುಷ್ಯ ಅವರು.

ದಾರದ ವಿಷಯದಲ್ಲಿ ಕೇಳಲು ಪ್ರವಾದಿಗಳೇ ಎದುರಿಗಿದ್ದರು. ಅವರು ತೀರಿಕೊಂಡ ಮೇಲೆ ಯಾರನ್ನು ಕೇಳುವುದು? ಅಲ್ಲಾಹನ ಕೈ ಅವರ ಕೈಗಳ ಮೇಲಿದೆ ಅಂತ ಒಂದು ಕಡೆ ಇದೆ. ಕರುಣಾಮಯಿ ಸಿಂಹಾಸನದ ಮೇಲೆ ನೆಲೆಗೊಂಡ ಅಂತ ಇನ್ನೊಂದು ಕಡೆ ಇದೆ. ಅವನಂಥದ್ದು ಯಾವುದೂ ಇಲ್ಲ ಅಂತಲೂ ಅದೇ ಗ್ರಂಥದಲ್ಲಿದೆ. ಹಾಗಾದರೆ ಕೈ ಅಂದರೆ ಏನು? ಊರು ಅಂದರೆ ಊರಿನ ಜನ ಅಂದುಕೊಂಡಂತೆ, ಕೈ ಅಂದರೆ ಶಕ್ತಿ ಅಂದುಕೊಳ್ಳಬಹುದಾ? ಅಂದುಕೊಳ್ಳಬಹುದು ಅಂತಾದರೆ ಎಲ್ಲಿ ನಿಲ್ಲಿಸಬೇಕು? ಸ್ವರ್ಗ, ನರಕ, ಸತ್ತವರು ಮತ್ತೆ ಏಳುವುದು, ಇವೂ ಬರೀ ಮಾತಿನ ರೀತಿಯಾ?

ಪದದ ಹೊರ ಅರ್ಥದಿಂದ ಒಳ ಅರ್ಥಕ್ಕೆ ಹೋಗುವ ಈ ಕೆಲಸಕ್ಕೆ ತಅವೀಲ್ ಅಂತ ಹೆಸರು. ಮಧ್ಯಯುಗದ ಇಸ್ಲಾಮಿನ ತತ್ವಜ್ಞಾನದ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಕಥೆ ಬೇರೆ ಥರ ಇದೆ. ಒಂದು ಕಡೆ ಬುದ್ಧಿ, ಇನ್ನೊಂದು ಕಡೆ ನಂಬಿಕೆ, ಎರಡಕ್ಕೂ ಜಗಳ, ಕೊನೆಗೆ ನಂಬಿಕೆ ಗೆದ್ದು ಬುದ್ಧಿ ಸೋತಿತು ಅನ್ನುವ ಕಥೆ. ಗಝಾಲಿ, ಇಬ್ನ್ ರುಶ್ದ್ ಅವರಂಥ ಆ ಕಾಲದ ಚಿಂತಕರ ಪುಸ್ತಕಗಳನ್ನೇ ಹಿಡಿದು ಕೂತರೆ ಈ ಕಥೆ ನಿಲ್ಲುವುದಿಲ್ಲ. ಅವರ ಜಗಳ ಓದುವ ನಿಯಮದ ಬಗ್ಗೆ. ಹೊರ ಅರ್ಥವನ್ನು ಯಾವಾಗ ಬಿಡಬಹುದು? ಯಾರು ಬಿಡಬಹುದು? ಬಿಟ್ಟ ಮೇಲೆ ಅದನ್ನು ಯಾರಿಗೆ ಹೇಳಬಹುದು? ಮೊದಲನೆಯ ಪ್ರಶ್ನೆಯಲ್ಲಿ ದೊಡ್ಡ ಎದುರಾಳಿಗಳು ಅನ್ನಿಸಿಕೊಂಡವರೇ ಆಶ್ಚರ್ಯವಾಗುವಷ್ಟು ಹತ್ತಿರ ಇದ್ದಾರೆ. ಮೂರನೆಯದಂತೂ ಇವತ್ತಿಗೂ ಬಗೆಹರಿದಿಲ್ಲ ಅಂತ ನನಗನ್ನಿಸುತ್ತದೆ.

ಇಡೀ ವಾದಕ್ಕೆ ಒಂದು ಕೀಲಿ ಇದೆ. ಅದು 3ನೇ ಅಧ್ಯಾಯದ 7ನೇ ಸೂಕ್ತ. ಈ ಗ್ರಂಥದಲ್ಲಿ ಕೆಲವು ಸೂಕ್ತಗಳು ಸ್ಪಷ್ಟ, ಅವೇ ಗ್ರಂಥದ ತಾಯಿಬೇರು, ಇನ್ನು ಕೆಲವು ಒಂದಕ್ಕಿಂತ ಹೆಚ್ಚು ಅರ್ಥ ಕೊಡುವಂಥವು ಅನ್ನುತ್ತದೆ ಅದು. ಮನಸ್ಸಿನಲ್ಲಿ ವಕ್ರತೆ ಇರುವವರು ಎರಡನೆಯವುಗಳ ಬೆನ್ನು ಹತ್ತುತ್ತಾರೆ ಅಂತಲೂ ಎಚ್ಚರಿಸುತ್ತದೆ. ಆಮೇಲೆ ಬರುವ ವಾಕ್ಯವೇ ಗಂಟು. ಅದರ ತಅವೀಲ್ ಗೊತ್ತಿರುವುದು ಅಲ್ಲಾಹನಿಗೆ ಮಾತ್ರ. ಇಲ್ಲಿ ಪೂರ್ಣವಿರಾಮ ಇಟ್ಟರೆ, ಮುಂದಿನದು ಹೊಸ ವಾಕ್ಯ: ಜ್ಞಾನದಲ್ಲಿ ಬೇರೂರಿದವರು ನಾವು ಇದನ್ನು ನಂಬುತ್ತೇವೆ ಅನ್ನುತ್ತಾರೆ. ಅಲ್ಲಿ ನಿಲ್ಲದೆ ಮುಂದೆ ಓದಿದರೆ ಹೀಗಾಗುತ್ತದೆ: ಅದರ ತಅವೀಲ್ ಗೊತ್ತಿರುವುದು ಅಲ್ಲಾಹನಿಗೆ ಮತ್ತು ಜ್ಞಾನದಲ್ಲಿ ಬೇರೂರಿದವರಿಗೆ ಮಾತ್ರ.

ಒಂದೇ ಒಂದು ನಿಲುಗಡೆ, ಅಷ್ಟೇ. ಮೊದಲ ಕಾಲದ ಕೈಬರಹದ ಪ್ರತಿಗಳಲ್ಲಿ ಈಗಿನಂಥ ವಿರಾಮ ಚಿಹ್ನೆಗಳು ಇರಲಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಮನುಷ್ಯನ ಬುದ್ಧಿಗೆ ಎಷ್ಟು ಹಕ್ಕಿದೆ ಅನ್ನುವುದು ನಿಂತಿತ್ತು. ದೊಡ್ಡ ದೊಡ್ಡ ವ್ಯಾಖ್ಯಾನಕಾರರು ಎರಡೂ ಕಡೆ ಇದ್ದಾರೆ.

ಆರಂಭದ ಜಗಳಗಳನ್ನು ಬೇಗ ದಾಟೋಣ. ಬಗ್ದಾದಿನ ಮುಅತಝಿಲಾ ಪಂಡಿತರು ಬುದ್ಧಿಗೆ ಒಪ್ಪುವಂತೆ ಅರ್ಥ ಹೇಳಬೇಕು ಅಂದರು, ದೇವರ ಕೈ ಅಂದರೆ ಶಕ್ತಿ ಅಥವಾ ಕೃಪೆ ಅಂದರು. 833ರಲ್ಲಿ ಖಲೀಫ ಮಾಮೂನ್ ಇದೇ ಪಂಥದ ಒಂದು ಮಾತನ್ನು, ಅಂದರೆ ಕುರ್‌ಆನ್ ಸೃಷ್ಟಿಯಾದದ್ದು ಅನ್ನುವುದನ್ನು, ಪಂಡಿತರೆಲ್ಲ ಒಪ್ಪಲೇಬೇಕು ಅಂತ ಹುಕುಂ ಮಾಡಿದ. ಒಪ್ಪದ ಅಹ್ಮದ್ ಇಬ್ನ್ ಹಂಬಲ್ ಅವರನ್ನು ಜೈಲಿಗೆ ಹಾಕಿದರು, ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟು ಹೊಡೆಸಿದರು. ಬುದ್ಧಿಯ ಪರ ಇದ್ದವರೇ ಇಲ್ಲಿ ಚಾಟಿ ಹಿಡಿದಿದ್ದರು ಅನ್ನುವುದನ್ನು ಮರೆಯಬಾರದು. ಅದಕ್ಕೂ ಮುಂಚೆ ಮದೀನಾದ ಮಾಲಿಕ್ ಇಬ್ನ್ ಅನಸ್ ಅವರನ್ನು ಒಬ್ಬ ಕೇಳಿದ್ದನಂತೆ, ದೇವರು ಸಿಂಹಾಸನದ ಮೇಲೆ ನೆಲೆಗೊಂಡದ್ದು ಹೇಗೆ ಅಂತ. ಅವರ ಉತ್ತರ ತುಂಬಾ ಪ್ರಸಿದ್ಧ: ನೆಲೆಗೊಂಡದ್ದು ಗೊತ್ತು, ಹೇಗೆ ಅನ್ನುವುದು ಗೊತ್ತಿಲ್ಲ, ನಂಬುವುದು ಕಡ್ಡಾಯ, ಅದರ ಬಗ್ಗೆ ಪ್ರಶ್ನೆ ಮಾಡುವುದು ಹೊಸ ಚಾಳಿ. ಇದೇ ಮುಂದೆ ಬಿಲಾ ಕೈಫ್, ಅಂದರೆ ಹೇಗೆ ಅಂತ ಕೇಳದೆ ಒಪ್ಪುವ ದಾರಿಯಾಯಿತು.

ಇದರ ನಡುವೆ ಬಗ್ದಾದಿನಲ್ಲಿ ಗ್ರೀಕ್ ಪುಸ್ತಕಗಳು ಅರಬ್ಬಿಗೆ ಬರುತ್ತಿದ್ದವು. ಹುನೈನ್ ಇಬ್ನ್ ಇಸ್ಹಾಕ್ ಅನ್ನುವ ಕ್ರೈಸ್ತ ವೈದ್ಯ ಮತ್ತು ಅವನ ಬಳಗ ಅನುವಾದದ ದೊಡ್ಡ ಕೆಲಸ ಮಾಡಿದರು. ಅರಿಸ್ಟಾಟಲನ ತರ್ಕದ ಪುಸ್ತಕಗಳು ಬಂದದ್ದರಿಂದ ಪುರಾವೆ ಅನ್ನುವ ಪದಕ್ಕೆ ಒಂದು ಅಳತೆಗೋಲು ಸಿಕ್ಕಿತು. ಎಲ್ಲ ವಾದಗಳೂ ಒಂದೇ ತೂಕದವಲ್ಲ. ಅಲ್ಲಗಳೆಯಲಾಗದ ಆಧಾರದಿಂದ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿದ್ದು ಬುರ್ಹಾನ್. ಎದುರಾಳಿ ಒಪ್ಪಿಕೊಂಡ ಮಾತಿನ ಮೇಲೆ ಕಟ್ಟಿದ್ದು ಬರೀ ವಾದ. ಮನಸ್ಸು ಮುಟ್ಟುವಂತೆ ಹೇಳಿ ಒಲಿಸಿಕೊಳ್ಳುವುದು ಭಾಷಣ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. 950ರಲ್ಲಿ ತೀರಿಕೊಂಡ ಅಲ್-ಫಾರಾಬಿ ಒಂದು ಹೆಜ್ಜೆ ಮುಂದೆ ಹೋದ. ತತ್ವಜ್ಞಾನಿ ಪುರಾವೆಯಿಂದ ತಿಳಿದದ್ದನ್ನೇ ಧರ್ಮ ಚಿತ್ರಗಳಲ್ಲಿ, ಉಪಮೆಗಳಲ್ಲಿ ಎಲ್ಲರಿಗೂ ಮುಟ್ಟಿಸುತ್ತದೆ ಅಂದ. ಆಮೇಲೆ ಬುಖಾರಾ ಕಡೆಯ ಇಬ್ನ್ ಸೀನಾ ಈ ದಾರಿಯಲ್ಲಿ ಎಷ್ಟು ದೊಡ್ಡ ಕಟ್ಟಡ ಕಟ್ಟಿದನೆಂದರೆ, ಅವನ ನಂತರ ಬಂದವರು ಒಪ್ಪಲಿ ಬಿಡಲಿ ಅವನ ಜೊತೆ ಮಾತಾಡದೆ ಮುಂದೆ ಹೋಗುವಂತಿರಲಿಲ್ಲ.

ಈಗ ಗಝಾಲಿ. 1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿದ ಅಬೂ ಹಾಮಿದ್ ಅಲ್-ಗಝಾಲಿ, 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದರಸಾದ ಮುಖ್ಯ ಪ್ರಾಧ್ಯಾಪಕರಾದರು. 1095ರಲ್ಲಿ ತಹಾಫುತ್ ಅಲ್-ಫಲಾಸಿಫಾ ಮುಗಿಸಿದರು. ತತ್ವಜ್ಞಾನಿಗಳ ವಾದಗಳು ಹೇಗೆ ಒಂದರ ಮೇಲೊಂದು ಕುಸಿದು ಬೀಳುತ್ತವೆ ಅಂತ ತೋರಿಸುವ ಪುಸ್ತಕ ಅದು. ಇಸ್ಲಾಮಿನಲ್ಲಿ ತತ್ವಜ್ಞಾನವನ್ನು ಕೊಂದದ್ದೇ ಈ ಪುಸ್ತಕ ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಅದರ ಮುನ್ನುಡಿಯನ್ನೇ ನೋಡಿ. ಅಲ್ಲಿ ಗ್ರಹಣದ ಮಾತು ಬರುತ್ತದೆ. ಸೂರ್ಯ ಮತ್ತು ಚಂದ್ರನ ನಡುವೆ ಭೂಮಿ ಬಂದಾಗ ಚಂದ್ರಗ್ರಹಣ ಆಗುತ್ತದೆ ಅಂತ ಲೆಕ್ಕ ಹಾಕಿ ತೋರಿಸುವವರ ಜೊತೆ ಧರ್ಮದ ಹೆಸರಿನಲ್ಲಿ ಜಗಳಕ್ಕೆ ನಿಲ್ಲಬೇಡಿ ಅನ್ನುತ್ತಾರೆ ಗಝಾಲಿ. ಹಾಗೆ ನಿಂತವನು ಧರ್ಮಕ್ಕೇ ಕೆಡುಕು ಮಾಡುತ್ತಾನೆ, ಯಾಕೆಂದರೆ ಲೆಕ್ಕ ಗೊತ್ತಿರುವವನು ಗ್ರಹಣದ ಬಗ್ಗೆ ಅನುಮಾನ ಪಡುವುದಿಲ್ಲ, ಧರ್ಮದ ಬಗ್ಗೆ ಪಡುತ್ತಾನೆ. ದಡ್ಡ ಗೆಳೆಯನಿಗಿಂತ ಬುದ್ಧಿವಂತ ಶತ್ರು ವಾಸಿ ಅನ್ನುವ ಗಾದೆಯನ್ನೂ ಅಲ್ಲೇ ಹಾಕುತ್ತಾರೆ. ಒಂದು ಹದೀಸ್ ಆ ಲೆಕ್ಕಕ್ಕೆ ವಿರುದ್ಧ ಅನ್ನಿಸಿದರೆ, ಅದು ನಿಜವಾದ ಹದೀಸೇ ಆಗಿದ್ದರೂ, ಖಚಿತವಾಗಿ ಸಾಬೀತಾದದ್ದನ್ನು ಅಲ್ಲಗಳೆಯುವುದಕ್ಕಿಂತ ಹದೀಸಿನ ಹೊರ ಅರ್ಥ ಬಿಟ್ಟು ಒಳ ಅರ್ಥ ತೆಗೆದುಕೊಳ್ಳುವುದು ಸುಲಭ ಅನ್ನುತ್ತಾರೆ.

ಇದು ತತ್ವಜ್ಞಾನಿಗಳ ವೈರಿ ಅನ್ನಿಸಿಕೊಂಡವರ ಮಾತು!

ಹಾಗಾದರೆ ಅವರ ತಕರಾರು ಏನು? ತತ್ವಜ್ಞಾನಿಗಳು ಪುರಾವೆ ಇದೆ ಅಂತ ಹೇಳಿಕೊಳ್ಳುವ ಎಷ್ಟೋ ಕಡೆ ಪುರಾವೆ ಇಲ್ಲ ಅನ್ನುವುದು. ಗಣಿತದಲ್ಲಿ, ತರ್ಕದಲ್ಲಿ ಇರುವ ಖಚಿತತೆಯನ್ನು ತೋರಿಸಿ, ಅದೇ ವಿಶ್ವಾಸದಲ್ಲಿ ದೇವರ ಬಗ್ಗೆ, ಜಗತ್ತಿನ ಹುಟ್ಟಿನ ಬಗ್ಗೆ ಊಹೆಗಳನ್ನು ದಾಟಿಸುತ್ತಾರೆ ಅನ್ನುವುದು. ಹೀಗೆ 20 ವಿಷಯಗಳನ್ನು ತೆಗೆದುಕೊಂಡು ಒಂದೊಂದನ್ನೇ ಬಿಚ್ಚುತ್ತಾರೆ. 17ರಲ್ಲಿ ತಪ್ಪು ದಾರಿ ಹಿಡಿದಿದ್ದಾರೆ ಅಷ್ಟೇ, ಮೂರರಲ್ಲಿ ಮಾತ್ರ ಧರ್ಮದಿಂದಲೇ ಹೊರಗೆ ಹೋಗಿದ್ದಾರೆ ಅನ್ನುವುದು ಅವರ ತೀರ್ಪು. ಜಗತ್ತಿಗೆ ಆದಿಯಿಲ್ಲ ಅನ್ನುವುದು ಒಂದು. ದೇವರಿಗೆ ಸಾಮಾನ್ಯ ನಿಯಮಗಳು ಗೊತ್ತು, ಬಿಡಿ ಬಿಡಿ ಸಂಗತಿಗಳು ಅವು ಇರುವ ಹಾಗೇ ಗೊತ್ತಿಲ್ಲ ಅನ್ನುವುದು ಇನ್ನೊಂದು. ಸತ್ತವರು ದೇಹ ಸಮೇತ ಏಳುವುದಿಲ್ಲ ಅನ್ನುವುದು ಮೂರನೆಯದು. ಇದು ಸಣ್ಣ ಆರೋಪವಲ್ಲ, ಆ ಕಾಲದ ಕಾನೂನಿನಲ್ಲಿ ಇದಕ್ಕೆ ಮರಣದಂಡನೆಯವರೆಗೂ ಹೋಗುವ ದಾರಿ ಇತ್ತು.

ಆಮೇಲೆ ಅವರೇ ಫೈಸಲ್ ಅತ್-ತಫ್ರಿಕಾ ಅನ್ನುವ ಚಿಕ್ಕ ಪುಸ್ತಕ ಬರೆದರು. ಯಾರನ್ನು ಧರ್ಮದಿಂದ ಹೊರಗೆ ಅನ್ನಬಹುದು, ಯಾರನ್ನು ಅನ್ನಬಾರದು ಅಂತ ಗೆರೆ ಎಳೆಯುವ ಪುಸ್ತಕ. ನನಗೆ ಗಝಾಲಿ ಬರೆದದ್ದರಲ್ಲಿ ಇದು ಜಾಸ್ತಿ ಇಷ್ಟ. ಸಣ್ಣ ಸಣ್ಣ ಭಿನ್ನಾಭಿಪ್ರಾಯಕ್ಕೆ ಒಬ್ಬರನ್ನೊಬ್ಬರು ಕಾಫಿರ್ ಅಂತ ಕರೆಯುವ ಜನರನ್ನು ಅವರು ಇಲ್ಲಿ ತಡೆದು ನಿಲ್ಲಿಸುತ್ತಾರೆ. ಪ್ರವಾದಿ ಹೇಳಿದ ಒಂದು ವಸ್ತು ಇದೆ ಅನ್ನುವುದಕ್ಕೆ ಐದು ಬಗೆಯ ಇರುವಿಕೆ ಇರಬಹುದು ಅನ್ನುತ್ತಾರೆ. ಮೊದಲನೆಯದು ಹೇಳಿದ ಹಾಗೇ ಹೊರಗೆ ನಿಜವಾಗಿ ಇರುವುದು, ಸಿಂಹಾಸನ ಮತ್ತು ಏಳು ಆಕಾಶಗಳ ಹಾಗೆ. ಎರಡನೆಯದು ನೋಡುವವನ ಕಣ್ಣಿಗೆ ಮಾತ್ರ ಇರುವುದು. ಅದಕ್ಕೆ ಅವರ ಉದಾಹರಣೆ ಮರೆಯುವಂಥದ್ದಲ್ಲ. ಕೊನೆಯ ದಿನ ಸಾವನ್ನೇ ಒಂದು ಟಗರಿನ ರೂಪದಲ್ಲಿ ತಂದು ಸ್ವರ್ಗ ನರಕಗಳ ನಡುವೆ ಕೊಯ್ಯಲಾಗುತ್ತದೆ ಅಂತ ಹದೀಸ್ ಇದೆ. ಸಾವು ಒಂದು ಸ್ಥಿತಿ, ಅದು ಟಗರಾಗಲು ಸಾಧ್ಯವಿಲ್ಲ ಅಂತ ಪುರಾವೆಯಿಂದ ತಿಳಿದವನು ಆ ದಿನ ಜನರ ಕಣ್ಣಿಗೆ ಹಾಗೆ ಕಾಣುತ್ತದೆ ಅಂತ ಅರ್ಥ ಮಾಡಿಕೊಳ್ಳಬಹುದು, ಸಾವು ಇನ್ನಿಲ್ಲ ಅನ್ನುವುದು ಅವರಿಗೆ ಖಾತ್ರಿಯಾಗಲಿ ಅಂತ. ಮುಂದೆ ಕಲ್ಪನೆಯಲ್ಲಿ ಇರುವುದು, ಬುದ್ಧಿಯಲ್ಲಿ ಇರುವುದು, ಹೋಲಿಕೆಯಾಗಿ ಇರುವುದು ಅಂತ ಹೋಗುತ್ತದೆ. ದೇವರ ಕೈ ಬರುವುದು ಬುದ್ಧಿಯ ಇರುವಿಕೆಯಲ್ಲಿ. ಕೈ ಏನು ಮಾಡುತ್ತದೋ, ಅಂದರೆ ಕೊಡುವುದು ತಡೆಯುವುದು, ಅದರ ಸಾರ ಅಲ್ಲಿದೆ, ಬೆರಳು ಅಂಗೈ ಇಲ್ಲ.

ಈ ಐದರಲ್ಲಿ ಯಾವುದನ್ನು ಒಪ್ಪಿದರೂ ಪ್ರವಾದಿಯನ್ನು ಸುಳ್ಳುಗಾರ ಅಂದಂತೆ ಆಗುವುದಿಲ್ಲ. ಆದರೆ ಒಂದು ಷರತ್ತು. ಮೇಲಿನ ಮೆಟ್ಟಿಲು ಅಸಾಧ್ಯ ಅನ್ನುವ ಪುರಾವೆ ಕೈಯಲ್ಲಿ ಇಲ್ಲದೆ ಕೆಳಗಿನ ಮೆಟ್ಟಿಲಿಗೆ ಇಳಿಯುವಂತಿಲ್ಲ. ಇಷ್ಟ ಬಂದ ಹಾಗೆ ಇಳಿಯುತ್ತಾ ಹೋದರೆ ಗ್ರಂಥದಲ್ಲಿ ಕೊನೆಗೆ ಏನೂ ಉಳಿಯುವುದಿಲ್ಲ ಅನ್ನುವ ಅವರ ಭಯ ನ್ಯಾಯವಾದದ್ದೇ.

ಈಗ ದೃಶ್ಯ ಪಶ್ಚಿಮಕ್ಕೆ, ಸ್ಪೇನಿನ ಕೊರ್ದೊಬಾಕ್ಕೆ. ಅಲ್ಲಿ 1126ರಲ್ಲಿ ಇಬ್ನ್ ರುಶ್ದ್ ಹುಟ್ಟಿದರು. ಅವರ ತಾತನ ಹೆಸರೂ ಇಬ್ನ್ ರುಶ್ದ್, ಅವರು ಕೊರ್ದೊಬಾದ ಖಾಝಿಯಾಗಿದ್ದವರು, ಮಾಲಿಕಿ ಅನ್ನುವ ಕಾನೂನು ಪಂಥದಲ್ಲಿ ದೊಡ್ಡ ಹೆಸರು. ಮೊಮ್ಮಗ ಹುಟ್ಟಿದ ವರ್ಷವೇ ತಾತ ತೀರಿಕೊಂಡರು. ಅರಬ್ಬಿಯಲ್ಲಿ ಇಂದಿಗೂ ಇವರನ್ನು ಮೊಮ್ಮಗ ಇಬ್ನ್ ರುಶ್ದ್ ಅಂತ ಗುರುತಿಸುತ್ತಾರೆ. ಯುರೋಪಿನವರು ಇವರಿಗೆ ಅವೆರೋಸ್ ಅಂದರು. ವೈದ್ಯ, ನ್ಯಾಯಾಧೀಶ, ಅರಿಸ್ಟಾಟಲನಿಗೆ ವ್ಯಾಖ್ಯಾನ ಬರೆದವರು.

ಅವರು ಮೊದಲ ಸಲ, ಆಗ ಅಲ್ಲಿ ಆಳುತ್ತಿದ್ದ ಅಲ್ಮೊಹಾದ್ ರಾಜವಂಶದ ಖಲೀಫ ಅಬೂ ಯಾಕೂಬ್ ಯೂಸುಫನ ಎದುರು ನಿಂತ ಪ್ರಸಂಗವನ್ನು ಇತಿಹಾಸಕಾರ ಮರ್ರಾಕುಶಿ ಬರೆದಿಟ್ಟಿದ್ದಾನೆ. ಕರೆದುಕೊಂಡು ಹೋದವರು ಹಿರಿಯ ತತ್ವಜ್ಞಾನಿ ಇಬ್ನ್ ತುಫೈಲ್. ಖಲೀಫ ಹೆಸರು, ಮನೆತನ ವಿಚಾರಿಸಿ ನೇರವಾಗಿ ಕೇಳಿಬಿಟ್ಟ: ಆಕಾಶದ ಬಗ್ಗೆ ತತ್ವಜ್ಞಾನಿಗಳು ಏನನ್ನುತ್ತಾರೆ, ಅದು ಆದಿಯಿಲ್ಲದ್ದಾ, ಸೃಷ್ಟಿಯಾದದ್ದಾ? ಇಬ್ನ್ ರುಶ್ದ್ ಹೆದರಿಹೋದರು. ನಾನು ತತ್ವಜ್ಞಾನ ಓದೇ ಇಲ್ಲ ಅಂತ ಜಾರಿಕೊಂಡರು. ಗಝಾಲಿ ಎಣಿಸಿದ ಮೂರು ಆರೋಪಗಳಲ್ಲಿ ಮೊದಲನೆಯದೇ ಈ ಪ್ರಶ್ನೆ ಅಂತ ನೆನೆದರೆ ಆ ಹೆದರಿಕೆ ಅರ್ಥವಾಗುತ್ತದೆ. ಖಲೀಫ ಅದನ್ನು ಗಮನಿಸಿ ಇಬ್ನ್ ತುಫೈಲ್ ಕಡೆ ತಿರುಗಿ, ಪ್ಲೇಟೋ ಏನಂದ, ಅರಿಸ್ಟಾಟಲ್ ಏನಂದ, ಅದಕ್ಕೆ ಧರ್ಮಪಂಡಿತರ ಆಕ್ಷೇಪ ಏನು ಅಂತ ತಾನೇ ಮಾತಾಡತೊಡಗಿದ. ಆಗ ಇವರಿಗೂ ಬಾಯಿ ಬಂತು. 1169ರಲ್ಲಿ ಸೆವಿಲ್‌ನ ಖಾಝಿಯಾದರು, ಆಮೇಲೆ ಕೊರ್ದೊಬಾದಲ್ಲಿ.

ಅವರ ಫಸ್ಲ್ ಅಲ್-ಮಕಾಲ್ ಬಂದದ್ದು 1179ರ ಹೊತ್ತಿಗೆ. ಇದನ್ನು ತತ್ವಜ್ಞಾನದ ಪುಸ್ತಕ ಅಂತ ತೆರೆದರೆ ಮೊದಲ ಪುಟದಲ್ಲೇ ಎಡವುತ್ತೇವೆ. ಇದು ಖಾಝಿಯೊಬ್ಬರು ಕಾನೂನಿನ ಭಾಷೆಯಲ್ಲಿ ಬರೆದ ಅಭಿಪ್ರಾಯ, ಫತ್ವಾದ ಹಾಗೆ. ಎತ್ತಿಕೊಂಡ ಪ್ರಶ್ನೆಯೇ ಹಾಗಿದೆ: ತತ್ವಜ್ಞಾನ ಮತ್ತು ತರ್ಕ ಓದುವುದನ್ನು ಶರೀಅತ್ ಅನುಮತಿಸುತ್ತದಾ, ನಿಷೇಧಿಸುತ್ತದಾ, ಅಥವಾ ಮಾಡಲೇಬೇಕು ಅನ್ನುತ್ತದಾ?

ಉತ್ತರ: ಓದಬಲ್ಲವರಿಗೆ ಅದು ಕಡ್ಡಾಯ. ಆಧಾರ ಕುರ್‌ಆನೇ. 59ನೇ ಅಧ್ಯಾಯದ 2ನೇ ಸೂಕ್ತ, ಕಣ್ಣುಳ್ಳವರೇ, ಇದನ್ನು ನೋಡಿ ತಿಳಿದುಕೊಳ್ಳಿ ಅನ್ನುತ್ತದೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದಕ್ಕೆ ಕಾನೂನು ಪಂಡಿತರು ಕಿಯಾಸ್ ಅನ್ನುತ್ತಾರೆ, ಈ ಸೂಕ್ತವನ್ನೇ ಅದಕ್ಕೆ ಆಧಾರ ಮಾಡಿಕೊಳ್ಳುತ್ತಾರೆ. ಕಾನೂನಿನ ಕಿಯಾಸ್‌ಗೆ ಈ ಸೂಕ್ತ ಸಾಕು ಅನ್ನುವುದಾದರೆ, ಸೃಷ್ಟಿಯನ್ನು ನೋಡಿ ಸೃಷ್ಟಿಕರ್ತನನ್ನು ತಿಳಿಯುವ ಬುದ್ಧಿಯ ಕಿಯಾಸ್‌ಗೆ ಯಾಕೆ ಸಾಲದು? ಈ ತರ್ಕ ಗ್ರೀಕರದ್ದು, ನಮ್ಮದಲ್ಲ ಅಂದವರಿಗೂ ಖಾಝಿಯ ಉತ್ತರ ರೆಡಿ ಇದೆ. ಬಲಿ ಕೊಡುವ ಕತ್ತಿ ಚೂಪಾಗಿದ್ದು ನಿಯಮಕ್ಕೆ ಸರಿ ಇದ್ದರೆ ಆಯಿತು, ಅದು ನಮ್ಮ ಧರ್ಮದವನದ್ದಾ ಬೇರೆಯವನದ್ದಾ ಅಂತ ಯಾರೂ ಕೇಳುವುದಿಲ್ಲ. ತತ್ವಜ್ಞಾನ ಓದಿ ಕೆಲವರು ದಾರಿ ತಪ್ಪಿದ್ದಾರೆ ಅಂದರೆ? ನೀರು ಗಂಟಲಿಗೆ ಸಿಕ್ಕಿ ಯಾರೋ ಸತ್ತರು ಅಂತ ಬಾಯಾರಿದವನಿಗೆ ನೀರು ಕೊಡದೆ ಸಾಯಿಸಿದ ಹಾಗೆ. ನೀರು ಸಿಕ್ಕಿ ಸಾಯುವುದು ಆಕಸ್ಮಿಕ, ಬಾಯಾರಿ ಸಾಯುವುದು ಖಚಿತ.

ಇಲ್ಲಿಂದ ಅವರು ತಅವೀಲ್‌ಗೆ ಬರುತ್ತಾರೆ. ಸತ್ಯ ಸತ್ಯಕ್ಕೆ ವಿರುದ್ಧ ಆಗುವುದಿಲ್ಲ, ಅದಕ್ಕೆ ಹೊಂದುತ್ತದೆ, ಅದರ ಪರವಾಗಿ ಸಾಕ್ಷಿ ಹೇಳುತ್ತದೆ. ಗ್ರಂಥ ಸತ್ಯ. ಬುರ್ಹಾನ್‌ನಿಂದ ಸಿಕ್ಕಿದ್ದೂ ಸತ್ಯ. ಎರಡೂ ಬೇರೆ ಬೇರೆ ಹೇಳುತ್ತಿವೆ ಅನ್ನಿಸಿದರೆ, ಹೊರ ಅರ್ಥದಲ್ಲಿ ನಿಂತಿದ್ದೇವೆ, ಒಳಕ್ಕೆ ಹೋಗಬೇಕು ಅಂತ ಅರ್ಥ. ಹೋಗುವುದಕ್ಕೆ ಬೇಲಿ ಇದೆ. ಅರಬ್ಬಿ ಭಾಷೆಯ ವಾಡಿಕೆ ಮೀರಬಾರದು. ವಸ್ತುವನ್ನು ಅದರ ಹೋಲಿಕೆಯಿಂದಲೋ, ಕಾರಣದಿಂದಲೋ, ಪರಿಣಾಮದಿಂದಲೋ, ಜೊತೆಗಿರುವುದರಿಂದಲೋ ಕರೆಯುವುದು ಭಾಷೆಯಲ್ಲಿ ಇದ್ದದ್ದೇ. ಊರು ಅಂದರೆ ಊರಿನ ಜನ ಆಗುವುದು ಹಾಗೇ ತಾನೇ? ಅದೂ ಅಲ್ಲದೆ, ಗ್ರಂಥವನ್ನು ಪೂರ್ತಿ ಜಾಲಾಡಿದರೆ ಆ ಒಳ ಅರ್ಥವನ್ನೇ ಹೊರ ಅರ್ಥವಾಗಿ ಹೇಳುವ ಅಥವಾ ಹೇಳುವುದಕ್ಕೆ ಹತ್ತಿರ ಬರುವ ಮಾತು ಇನ್ನೆಲ್ಲೋ ಸಿಕ್ಕೇ ಸಿಗುತ್ತದೆ ಅನ್ನುವುದು ಅವರ ನಂಬಿಕೆ. 3:7ರಲ್ಲಿ ಅವರ ಉಸಿರು ನಿಲ್ಲುವುದು ಜ್ಞಾನದಲ್ಲಿ ಬೇರೂರಿದವರು ಅನ್ನುವ ಮಾತಿನ ನಂತರ.

ಇಷ್ಟರವರೆಗೆ ಗಝಾಲಿಗೂ ಇವರಿಗೂ ಎಷ್ಟು ದೂರ ಇದೆ ಹೇಳಿ? ಪುರಾವೆ ಇದ್ದರೆ ಹೊರ ಅರ್ಥ ಬಿಡಬೇಕು ಅಂತ ಇಬ್ಬರೂ ಒಪ್ಪುತ್ತಾರೆ. ಪುರಾವೆ ಎಲ್ಲೆಲ್ಲಿ ನಿಜವಾಗಿ ಇದೆ ಅನ್ನುವುದರಲ್ಲಿ ಜಗಳ. ಮೂರು ಆರೋಪಗಳಿಗೆ ಇಬ್ನ್ ರುಶ್ದ್ ಕೊಡುವ ಉತ್ತರದಲ್ಲಿ ಜಗತ್ತಿನ ಆದಿಯದ್ದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಇದು ಮುಕ್ಕಾಲು ಪಾಲು ಹೆಸರಿನ ಜಗಳ ಅನ್ನುತ್ತಾರೆ ಅವರು. ಮಡಕೆ, ಮರ, ಪ್ರಾಣಿ, ಇವು ಯಾವುದೋ ಒಂದು ವಸ್ತುವಿನಿಂದ ಆದವು, ಆಗುವ ಮುಂಚೆ ಕಾಲ ಇತ್ತು. ಇವು ಹೊಸದು ಅಂತ ಎಲ್ಲರೂ ಒಪ್ಪುತ್ತಾರೆ. ದೇವರು ಯಾವುದರಿಂದಲೂ ಆದವನಲ್ಲ, ಅವನ ಮುಂಚೆ ಕಾಲವಿಲ್ಲ. ಇದನ್ನೂ ಎಲ್ಲರೂ ಒಪ್ಪುತ್ತಾರೆ. ನಡುವೆ ಇರುವುದು ಇಡೀ ಜಗತ್ತು. ಅದನ್ನು ಮಾಡಿದವನು ಇದ್ದಾನೆ, ಆದರೆ ಅದಕ್ಕೆ ಮುಂಚೆ ಕಾಲ ಇರಲಿಲ್ಲ, ಕಾಲವೇ ಜಗತ್ತಿನ ಚಲನೆಯ ಅಳತೆ. ಒಬ್ಬರು ಅದರಲ್ಲಿ ಮಡಕೆಯ ಹೋಲಿಕೆ ಕಂಡು ಹೊಸದು ಅಂದರು, ಇನ್ನೊಬ್ಬರು ಇನ್ನೊಂದು ತುದಿಯ ಹೋಲಿಕೆ ಕಂಡು ಆದಿಯಿಲ್ಲದ್ದು ಅಂದರು. ಇಷ್ಟಕ್ಕೆ ಒಬ್ಬರನ್ನು ಕಾಫಿರ್ ಅನ್ನುವುದಾ? ಆಮೇಲೆ ಅವರು ಗ್ರಂಥವನ್ನೇ ತಿರುಗಿಸಿ ಎದುರಿಗಿಡುತ್ತಾರೆ. ಆಕಾಶ ಭೂಮಿಗಳನ್ನು ಆರು ದಿನಗಳಲ್ಲಿ ಸೃಷ್ಟಿಸಿದ, ಆಗ ಅವನ ಸಿಂಹಾಸನ ನೀರಿನ ಮೇಲಿತ್ತು ಅನ್ನುತ್ತದೆ 11:7. ಅಂದರೆ ಹೊರ ಅರ್ಥದ ಪ್ರಕಾರ ಅದಕ್ಕೆ ಮುಂಚೆ ನೀರು ಇತ್ತು, ಸಿಂಹಾಸನ ಇತ್ತು, ಕಾಲವೂ ಇತ್ತು. ಆಕಾಶ ಹೊಗೆಯಾಗಿತ್ತು ಅನ್ನುತ್ತದೆ 41:11. ಏನೂ ಇಲ್ಲದ್ದರಿಂದ ಸೃಷ್ಟಿ ಅನ್ನುವ ಮಾತು ಗ್ರಂಥದಲ್ಲಿ ಹಾಗೇ ಎಲ್ಲೂ ಬರುವುದಿಲ್ಲ. ಹಾಗಾಗಿ ಧರ್ಮಪಂಡಿತರು ಕೂಡ ತಅವೀಲ್ ಮಾಡಿಯೇ ಅಲ್ಲಿಗೆ ಮುಟ್ಟಿದ್ದಾರೆ. ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಾವು ಅಕ್ಷರಕ್ಕೆ ಅಂಟಿಕೊಂಡಿದ್ದೇವೆ ಅಂದುಕೊಂಡವರು ಕೂಡ ಅರ್ಥ ಮಾಡಿಕೊಳ್ಳುತ್ತಲೇ ಇರುತ್ತಾರೆ, ಅದು ಅವರಿಗೇ ಗೊತ್ತಿರುವುದಿಲ್ಲ.

ದೇವರ ತಿಳಿವಿನ ಬಗ್ಗೆ ಉತ್ತರ ಚಿಕ್ಕದು. ನಮ್ಮ ತಿಳಿವು ವಸ್ತುಗಳಿಂದ ಹುಟ್ಟುತ್ತದೆ, ದೇವರ ತಿಳಿವಿನಿಂದ ವಸ್ತುಗಳು ಹುಟ್ಟುತ್ತವೆ. ಎರಡಕ್ಕೂ ತಿಳಿವು ಅನ್ನುವ ಒಂದೇ ಹೆಸರಿದೆ ಅಷ್ಟೇ. ಸಾಮಾನ್ಯ, ಬಿಡಿ ಅನ್ನುವ ಭಾಗವೇ ಅಲ್ಲಿ ಹೊಂದುವುದಿಲ್ಲ. ಸತ್ತ ಮೇಲಿನ ಬದುಕಿನ ಬಗ್ಗೆ ಅವರು ಬಿಗಿಯಾಗಿದ್ದಾರೆ. ಅದು ಇದೆ ಅನ್ನುವುದನ್ನು ಅಲ್ಲಗಳೆಯುವಂತಿಲ್ಲ, ಹೇಗಿದೆ ಅನ್ನುವುದರಲ್ಲಿ ಪಂಡಿತರು ಬೇರೆ ಬೇರೆ ಅರ್ಥ ಹೇಳಬಹುದು. ತಪ್ಪಾದರೆ? ನ್ಯಾಯಾಧೀಶ ಶ್ರಮಪಟ್ಟು ಸರಿ ತೀರ್ಪು ಕೊಟ್ಟರೆ ಎರಡು ಪುಣ್ಯ, ತಪ್ಪು ಕೊಟ್ಟರೂ ಒಂದು ಪುಣ್ಯ ಅನ್ನುವ ಹದೀಸನ್ನು ತರುತ್ತಾರೆ. ಇರುವ ಎಲ್ಲದರ ಬಗ್ಗೆ ತೀರ್ಪು ಕೊಡುವವನಿಗಿಂತ ದೊಡ್ಡ ನ್ಯಾಯಾಧೀಶ ಯಾರು ಅಂತ ಕೇಳುತ್ತಾರೆ. ಜೀವನವಿಡೀ ತೀರ್ಪು ಬರೆದ ಮನುಷ್ಯ ಈ ಮಾತು ಹೇಳುವಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ಇನ್ನು ಕೊನೆಯ ಪ್ರಶ್ನೆ. ಒಳ ಅರ್ಥ ಸಿಕ್ಕಿತು, ಸರಿ. ಯಾರಿಗೆ ಹೇಳುವುದು?

ಇಲ್ಲಿ ಆ ಮೂರು ಬಗೆ ಮತ್ತೆ ಬರುತ್ತವೆ. ಬುದ್ಧಿಮಾತಿನಿಂದ, ಒಳ್ಳೆಯ ಉಪದೇಶದಿಂದ ನಿನ್ನ ಒಡೆಯನ ದಾರಿಗೆ ಕರೆ, ಒಳ್ಳೆಯ ರೀತಿಯಲ್ಲಿ ಅವರ ಜೊತೆ ವಾದ ಮಾಡು ಅನ್ನುತ್ತದೆ 16:125. ಇಬ್ನ್ ರುಶ್ದ್ ಇದರಲ್ಲಿ ಬುರ್ಹಾನ್, ಭಾಷಣ, ವಾದ ಮೂರನ್ನೂ ಕಾಣುತ್ತಾರೆ. ಜನ ಮೂರು ಬಗೆ, ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ಸತ್ಯವನ್ನು ಒಪ್ಪುತ್ತಾರೆ. ಒಂದೇ ಗ್ರಂಥ ಮೂವರಿಗೂ ಮಾತಾಡುತ್ತದೆ, ಅದೇ ಅದರ ಪವಾಡ. ಪ್ರವಾದಿಗಳು ಒಬ್ಬ ದಾಸಿಯನ್ನು ದೇವರು ಎಲ್ಲಿದ್ದಾನೆ ಅಂತ ಕೇಳಿದಾಗ ಆಕಾಶದಲ್ಲಿ ಅಂದಳು. ಇವಳನ್ನು ಬಿಡುಗಡೆ ಮಾಡಿ, ಇವಳು ವಿಶ್ವಾಸಿ ಅಂದರು ಪ್ರವಾದಿಗಳು. ದೇವರಿಗೆ ಜಾಗವಿಲ್ಲ ಅನ್ನುವ ತರ್ಕವನ್ನು ಅವಳ ಮೇಲೆ ಹೇರಲಿಲ್ಲ. ಹೀಗಾಗಿ ಒಳ ಅರ್ಥಗಳನ್ನು ಬುರ್ಹಾನ್‌ನ ಪುಸ್ತಕಗಳಲ್ಲಿ ಮಾತ್ರ ಬರೆಯಬೇಕು, ಸಾಮಾನ್ಯ ಜನರಿಗೆ ಬಿಚ್ಚಿ ಹೇಳಬಾರದು ಅನ್ನುತ್ತಾರೆ. ಹೊರ ಅರ್ಥ ಕಿತ್ತುಕೊಂಡು, ಒಳ ಅರ್ಥ ಅರ್ಥವಾಗದ ಹಾಗೆ ಬಿಟ್ಟರೆ ಆ ಮನುಷ್ಯನ ಕೈಯಲ್ಲಿ ಎರಡೂ ಉಳಿಯುವುದಿಲ್ಲ. ವೈದ್ಯ ಆರೋಗ್ಯಕ್ಕೆ ಇಂಥದ್ದು ತಿನ್ನು, ಇಂಥದ್ದು ಬಿಡು ಅಂತ ಹೇಳಿರುತ್ತಾನೆ. ಇನ್ನೊಬ್ಬ ಬಂದು ಆ ಮಾತುಗಳಿಗೆ ಬೇರೆ ಒಳ ಅರ್ಥ ಇದೆ ಅಂತ ಜನರ ನಂಬಿಕೆ ಕೆಡಿಸಿದರೆ, ಅವರು ಹೊಸದನ್ನೂ ಮಾಡುವುದಿಲ್ಲ, ಹಳೆಯದನ್ನೂ ಬಿಡುತ್ತಾರೆ. ಗಝಾಲಿಯ ಮೇಲೆ ಅವರಿಗಿದ್ದ ದೊಡ್ಡ ಸಿಟ್ಟೇ ಇದು. ಅಶ್ಅರಿ ಪಂಥದ ಧರ್ಮಪಂಡಿತರ ಜೊತೆ ಅಶ್ಅರಿ, ಸೂಫಿಗಳ ಜೊತೆ ಸೂಫಿ, ತತ್ವಜ್ಞಾನಿಗಳ ಜೊತೆ ತತ್ವಜ್ಞಾನಿ ಆಗಿ, ಎಲ್ಲವನ್ನೂ ಎಲ್ಲರ ಮುಂದೆ ಹರಡಿದರು ಅಂತ.

ನಾನು ಈ ಭಾಗದಲ್ಲಿ ಇಬ್ನ್ ರುಶ್ದ್ ಜೊತೆ ಪೂರ್ತಿ ಹೋಗಲಾರೆ. ಅವರ ಕಾಳಜಿ ನಿಜವಾದದ್ದು, ಅಹಂಕಾರದ್ದಲ್ಲ. ಆದರೆ ಯಾರು ಯಾವ ಬಗೆಯವರು ಅಂತ ನಿರ್ಧರಿಸುವವರು ಯಾರು? ಹುಟ್ಟಿನಿಂದ ಬರುವ ಸ್ವಭಾವ ಅಂತ ಅವರು ಒಂದು ಕಡೆ ಹೇಳುತ್ತಾರೆ, ಕಲಿಕೆಯಿಂದಲೂ ಬರುತ್ತದೆ ಅನ್ನುವುದನ್ನು ಬಿಡುವುದಿಲ್ಲ. ತಾವೇ ಈ ಪುಸ್ತಕವನ್ನು ಬರೆದದ್ದಕ್ಕೂ ಅವರು ಕಾರಣ ಕೊಡಬೇಕಾಗುತ್ತದೆ: ವಿಷಯ ಆಗಲೇ ಬೀದಿಗೆ ಬಂದಿತ್ತು, ಇಲ್ಲದಿದ್ದರೆ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ ಅಂತ. ಒಂದು ಸಲ ಬೀದಿಗೆ ಬಂದ ಮೇಲೆ ಹಿಂದಕ್ಕೆ ಕಳಿಸುವ ದಾರಿ ಅವರ ಹತ್ತಿರವೂ ಇರಲಿಲ್ಲ.

1195ರಲ್ಲಿ ಗಾಳಿ ತಿರುಗಿತು. ಆಗ ಇದ್ದದ್ದು ಹಳೆಯ ಖಲೀಫನ ಮಗ. ಇಬ್ನ್ ರುಶ್ದ್‌ರನ್ನು ಕೊರ್ದೊಬಾದ ಹತ್ತಿರದ ಲುಸೆನಾ ಅನ್ನುವ ಊರಿಗೆ ಗಡಿಪಾರು ಮಾಡಿದರು, ತತ್ವಜ್ಞಾನದ ಪುಸ್ತಕಗಳನ್ನು ಸುಟ್ಟರು. ಸ್ವಲ್ಪ ಕಾಲದ ಮೇಲೆ ಮತ್ತೆ ರಾಜಧಾನಿ ಮರ್ರಾಕೆಶ್‌ಗೆ ಕರೆಸಿಕೊಂಡರು. ಅಲ್ಲೇ 1198ರಲ್ಲಿ ತೀರಿಕೊಂಡರು. ಶವವನ್ನು ಆಮೇಲೆ ಕೊರ್ದೊಬಾಕ್ಕೆ ಸಾಗಿಸಿದರು. ಪ್ರಾಣಿಯ ಬೆನ್ನಿನ ಒಂದು ಪಕ್ಕಕ್ಕೆ ಶವದ ಪೆಟ್ಟಿಗೆ, ತೂಕ ಸರಿದೂಗಲು ಇನ್ನೊಂದು ಪಕ್ಕಕ್ಕೆ ಅವರೇ ಬರೆದ ಪುಸ್ತಕಗಳು. ಇದನ್ನು ಕಣ್ಣಾರೆ ಕಂಡು ಬರೆದವರು ಸೂಫಿ ಇಬ್ನ್ ಅರಬಿ.

ಅವರ ಅರಿಸ್ಟಾಟಲ್ ವ್ಯಾಖ್ಯಾನಗಳು ಲ್ಯಾಟಿನ್‌ಗೆ ಹೋಗಿ ಪ್ಯಾರಿಸ್ಸಿನ ವಿಶ್ವವಿದ್ಯಾಲಯವನ್ನೇ ಅಲುಗಾಡಿಸಿದವು. ಆದರೆ ಫಸ್ಲ್ ಅಲ್-ಮಕಾಲ್ ಹೀಬ್ರೂಗೆ ಹೋಯಿತೇ ಹೊರತು ಮಧ್ಯಯುಗದ ಲ್ಯಾಟಿನ್‌ಗೆ ಹೋಗಲಿಲ್ಲ. ಅದಿಲ್ಲದೆ ಓದಿದ ಯುರೋಪಿನಲ್ಲಿ ಅವರ ಹಿಂಬಾಲಕರಿಗೆ ಎರಡು ಸತ್ಯಗಳ ಆರೋಪ ಅಂಟಿಕೊಂಡಿತು, ಧರ್ಮಕ್ಕೊಂದು 'ಸತ್ಯ', ತತ್ವಜ್ಞಾನಕ್ಕೊಂದು 'ಸತ್ಯ' ಅಂತ. ಸತ್ಯ ಸತ್ಯಕ್ಕೆ ವಿರುದ್ಧ ಆಗುವುದಿಲ್ಲ ಅಂತ ಬರೆದವರ ಹೆಸರಿಗೆ ಇದು ಅಂಟಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಆ ಪುಸ್ತಕದ ಅರಬ್ಬಿ ಮೂಲ ಅಚ್ಚಾದದ್ದು 1859ರಲ್ಲಿ, ಮ್ಯೂನಿಕ್‌ನಲ್ಲಿ. 1902ರ ಹೊತ್ತಿಗೆ ಈಜಿಪ್ಟಿನಲ್ಲಿ ಫರಹ್ ಅಂತೂನ್ ಅನ್ನುವ ಕ್ರೈಸ್ತ ಲೇಖಕರು ತಮ್ಮ ಪತ್ರಿಕೆಯಲ್ಲಿ ಇಬ್ನ್ ರುಶ್ದ್ ಬಗ್ಗೆ ಬರೆದರು. ಇಸ್ಲಾಮಿಗಿಂತ ಕ್ರೈಸ್ತ ಲೋಕವೇ ತತ್ವಜ್ಞಾನಕ್ಕೆ ಹೆಚ್ಚು ಜಾಗ ಕೊಟ್ಟಿತು ಅನ್ನುವ ಅರ್ಥ ಅದರಿಂದ ಬರುತ್ತಿತ್ತು. ಆಗಿನ ಮಹಾ ಮುಫ್ತಿ ಮುಹಮ್ಮದ್ ಅಬ್ದುಹು ಅಲ್-ಮನಾರ್ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಗ್ರಂಥದ ಹೊರ ಅರ್ಥಕ್ಕೂ ಬುದ್ಧಿಗೂ ಘರ್ಷಣೆ ಬಂದರೆ ಬುದ್ಧಿ ತೋರಿಸಿದ್ದನ್ನೇ ಹಿಡಿಯಬೇಕು ಅನ್ನುವುದು ಇಸ್ಲಾಮಿನ ಮೂಲ ನಿಯಮಗಳಲ್ಲಿ ಒಂದು ಅಂದರು. ಹಾಗೆ ಹಿಡಿದ ಮೇಲೆ ಗ್ರಂಥದ ಮಾತನ್ನು ಏನು ಮಾಡುವುದು ಅನ್ನುವುದಕ್ಕೆ ಎರಡು ದಾರಿ ಕೊಟ್ಟರು. ಮಾತು ನಿಜ, ಅರ್ಥ ನಮಗೆ ನಿಲುಕದು ಅಂತ ಒಪ್ಪಿ ದೇವರಿಗೆ ಬಿಡುವುದು ಒಂದು. ಭಾಷೆಯ ನಿಯಮ ಮೀರದೆ ಒಳ ಅರ್ಥ ಹುಡುಕುವುದು ಇನ್ನೊಂದು. 3:7ರಲ್ಲಿ ಉಸಿರು ನಿಲ್ಲಿಸುವ ಎರಡು ಜಾಗಗಳು ಇವೇ.